ಗಾಳಿಯ ಹದ

ನಮ್ಮ ಸೀಮೆಯ ಕನ್ನಡದಲ್ಲಿ ‘ಹದ’ ಎಂಬ ಎರಡಕ್ಷರದ ಪದಕ್ಕೆ ಇರುವ ಹರವು ದೊಡ್ಡದು. ಮೃಗಶಿರಾ ಮಳೆ ಬಿದ್ದ ಮೇಲೆ ನೆಲ ಬಿತ್ತನೆಯ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ರೈತನು ಹಿಡಿ ಮಣ್ಣನ್ನು ಅಂಗೈಯಲ್ಲಿ ಹಿಸುಕಿ ನೋಡುತ್ತಾನೆ. ಜಹೀರಾಬಾದಿನ ಸುತ್ತಲಿನ ಕಬ್ಬಿನ ಸೀಮೆಯಲ್ಲಿ ಬೆಲ್ಲ ಮಾಡುವವನು ಕುದಿಯುವ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಿನಿಂದ ಉಂಡೆ ಕಟ್ಟಿ ಹದವನ್ನು ಅರಿಯುತ್ತಾನೆ. ಜೋಳದ ಹಿಟ್ಟಿಗೆ ಬಿಸಿನೀರು ಎಷ್ಟು ಹಾಕಬೇಕೆಂದು ನಮ್ಮ ಮನೆಯ ಹೆಣ್ಣುಮಕ್ಕಳು ಯಾವ ಪುಸ್ತಕವನ್ನೂ ನೋಡುವುದಿಲ್ಲ. ಬೀದರಿನ ಬಿದರಿ ಕುಶಲಕರ್ಮಿಗಳು ಕೋಟೆಯ ಮಣ್ಣಿನಲ್ಲಿ ಕೆಲಸಕ್ಕೆ ಬರುವುದು ಯಾವುದು, ಬಾರದ್ದು ಯಾವುದು ಎಂಬುದನ್ನು ಅನುಭವದಿಂದಲೇ ಆರಿಸುತ್ತಾರೆ. ಇವೆಲ್ಲದರಲ್ಲಿಯೂ ಹದವೆಂದರೆ ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ, ಕೆಲಸಕ್ಕೆ ತಕ್ಕಷ್ಟೇ ಆದ ಒಂದು ನೆಲೆ. ಈ ಪದಕ್ಕೆ ಗಾಳಿಯಲ್ಲಿಯೂ ಒಂದು ಸ್ಥಾನವಿದೆ ಎಂಬುದನ್ನು, ನಿವೃತ್ತಿಯ ನಂತರದ ಈ ದಿನಗಳಲ್ಲಿ, ಹೆದ್ದಾರಿಯ ಬದಿಯ ಒಂದು ಕಾರು ಪೇಂಟಿಂಗ್ ಶೆಡ್ಡಿನಲ್ಲಿ ನಾವು ಕಲಿತೆವು. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಇಂತಹ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಕೊನೆಯವರೆಗೆ ಓದಿದರೆ ಇದು ಕನ್ನಡದ ವಿಷಯವೂ ಹೌದೆಂಬುದು ತಿಳಿದೀತು.

ನಾವು ವಾಸವಾಗಿರುವ ಕೊಹೀರು ಇಂದು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಗೆ ಸೇರಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅಂದಿನ ಬೀದರ ಜಿಲ್ಲೆಯ ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಮತ್ತು ನಾರಾಯಣಖೇಡ ತಾಲ್ಲೂಕು, ಕಲಬುರ್ಗಿ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದ ಸಂಗತಿಯನ್ನು ಸಂಘದ ಸದಸ್ಯರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ನಮ್ಮ ಹುಡುಗರು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಗ್ಯಾರೇಜಿನಲ್ಲಿ ದಖನಿ ಮಾತನಾಡುತ್ತಾರೆ. ಬಣ್ಣದ ಡಬ್ಬಿಯ ಮೇಲೆ ಇರುವುದು ಮಾತ್ರ ಇಂಗ್ಲಿಷು.

ವಾಹನದ ಉದ್ಯೋಗ ಈ ಸೀಮೆಗೆ ಹೊಸದೇನಲ್ಲ. 1980ರ ದಶಕದಲ್ಲಿ ಜಹೀರಾಬಾದಿಗೆ ಆಲ್ವಿನ್ ನಿಸ್ಸಾನ್ ಸಂಸ್ಥೆಯ ಸಣ್ಣ ಲಾರಿಗಳ ಕಾರ್ಖಾನೆ ಬಂದಿತು. ಮುಂದೆ ಅದು ಮಹೀಂದ್ರಾ ಸಂಸ್ಥೆಯ ಕೈಸೇರಿತು. 2013ರಲ್ಲಿ ಅಲ್ಲಿ ಟ್ರ್ಯಾಕ್ಟರ್ ಕಾರ್ಖಾನೆಯೂ ಆರಂಭವಾಯಿತು. ಪುಣೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65ರ ಇಕ್ಕೆಲಗಳಲ್ಲಿ ಟೈರಿನ ಅಂಗಡಿಗಳು, ವೆಲ್ಡಿಂಗ್ ಶೆಡ್ಡುಗಳು, ಡೆಂಟಿಂಗ್ ಪೇಂಟಿಂಗ್ ಶೆಡ್ಡುಗಳು ಹುಟ್ಟಿಕೊಂಡವು. ದೊಡ್ಡ ಕಾರ್ಖಾನೆಗಳ ಬಣ್ಣದ ಕೋಣೆಯಲ್ಲಿ ಗಾಳಿ, ಉಷ್ಣತೆ, ಧೂಳು ಮೂರೂ ಯಂತ್ರದ ಹತೋಟಿಯಲ್ಲಿರುತ್ತವೆ. ರಸ್ತೆ ಬದಿಯ ಶೆಡ್ಡಿನಲ್ಲಿ ಈ ಮೂರನ್ನೂ ಮನುಷ್ಯನೇ ಸಂಭಾಳಿಸಬೇಕು. ಅದೂ ನಮ್ಮ ಕೆಂಪು ಮಣ್ಣಿನ ಧೂಳಿನ ನಡುವೆ.

ಅಂತಹದೊಂದು ಶೆಡ್ಡನ್ನು ನಡೆಸುತ್ತಿರುವವನು ನಮ್ಮ ಹಳೆಯ ವಿದ್ಯಾರ್ಥಿ. ನಾವು ಗಡಿಯಾಚೆಯ ಕನ್ನಡ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ಹತ್ತನೆಯ ತರಗತಿಯವರೆಗೆ ನಮ್ಮ ಕೈಕೆಳಗೆ ಓದಿದವನು. ಒಂದು ಸಂಜೆ ಅವನು ಎಣ್ಣೆಯ ಕಲೆಗಳಿದ್ದ ಎರಡು ಮುದ್ರಿತ ಹಾಳೆಗಳನ್ನು ಹಿಡಿದು ನಮ್ಮ ಮನೆಗೆ ಬಂದನು. ಅವು ಕ್ಲಿಯರ್ ಕೋಟ್ ತಯಾರಕರು ಡಬ್ಬಿಯೊಂದಿಗೆ ಕೊಡುವ ತಾಂತ್ರಿಕ ವಿವರಗಳು. “ಗುರುಗಳೆ, ನಮ್ಮ ಹುಡುಗರಿಗಿ ಇಂಗ್ಲಿಷ್ ಓದ್ಲಾಕ ಬರಲ್ರಿ. ಕನ್ನಡ ಛಂದ ಓದ್ತಾರ. ಇದರಾಗ ಹವಾದ ಲೆಕ್ಕ ಅದ. ಗ್ವಾಡಿಗಿ ಹಾಕ್ಲಾಕ ಒಂದು ಬೋರ್ಡ್ ಬರದು ಕೊಡ್ರಿ,” ಎಂದನು. ಒಪ್ಪಿಕೊಂಡೆವು. ಆದರೆ ಬಿ.ಎ., ಬಿ.ಎಡ್. ಓದಿದ ಕನ್ನಡ ಮೇಷ್ಟರಿಗೆ ತುಂತುರು ಬಣ್ಣದ ಶಾಸ್ತ್ರ ಹೇಗೆ ತಿಳಿಯಬೇಕು? ತಿಳಿಯದ್ದನ್ನು ಬರೆಯಬಾರದೆಂದು ಕೆಲವು ದಿನ ಶೆಡ್ಡಿಗೆ ಹೋಗಿ, ಗಾಳಿ ಬೀಸುವ ಕಡೆಗೆ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತೆವು. ವಿದ್ಯಾರ್ಥಿ ಪಾಠ ಹೇಳಿದನು. ನಾವು ಟಿಪ್ಪಣಿ ಮಾಡಿಕೊಂಡೆವು.

ಕಾರಿನ ಮೈಮೇಲೆ ಹೊಳೆಯುವುದು ಬಣ್ಣವೆಂದು ನಾವೆಲ್ಲರೂ ತಿಳಿದಿರುತ್ತೇವೆ. ಈಗಿನ ಕಾರುಗಳಲ್ಲಿ ಬಹುಮಟ್ಟಿಗೆ ಅದು ಹಾಗಲ್ಲ. ತಗಡಿನ ಮೇಲೆ ಪುಟ್ಟಿ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣದ ಬೇಸ್ ಕೋಟ್. ಈ ಬೇಸ್ ಕೋಟ್ ಒಣಗಿದಾಗ ಮಂಕಾಗಿ, ಸೀಮೆಸುಣ್ಣ ಸವರಿದ ಹಲಗೆಯಂತೆ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ಹೊಡೆಯುವ ಬಣ್ಣವಿಲ್ಲದ ಪಾರದರ್ಶಕ ಲೇಪವೇ ಕ್ಲಿಯರ್ ಕೋಟ್. ಹೊಳಪು ಕೊಡುವುದೂ ಅದೇ, ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಒಣಗಿದ ಮೇಲೆ ಅದರ ದಪ್ಪ ಸುಮಾರು 40ರಿಂದ 60 ಮೈಕ್ರಾನ್, ಎಂದರೆ ತಲೆಗೂದಲಿನ ದಪ್ಪಕ್ಕಿಂತ ತುಸು ಕಡಿಮೆ. ಅಷ್ಟು ತೆಳುವಾದ ಪೊರೆಯನ್ನು ಕನ್ನಡಿಯಂತೆ ಸಮನಾಗಿ ಹಾಸಬೇಕು. ಕುಂಚದಿಂದ ಅದು ಸಾಧ್ಯವಿಲ್ಲ. ದ್ರವವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಆ ಹನಿಗಳು ತಗಡಿನ ಮೇಲೆ ಬಿದ್ದು ಮತ್ತೆ ಒಂದರೊಳಗೊಂದು ಕೂಡಿಕೊಳ್ಳುವಂತೆ ಮಾಡಬೇಕು. ಒಡೆಯುವ ಕೆಲಸ ಗಾಳಿಯದು. ಆ ಗಾಳಿಯ ಒತ್ತಡ ಎಷ್ಟಿರಬೇಕು ಎಂಬುದೇ ಬೋರ್ಡಿನ ಪ್ರಶ್ನೆ.

ಈ ಉಪಕರಣದ ಹುಟ್ಟಿನ ಕಥೆ ಸ್ವಾರಸ್ಯಕರವಾಗಿದೆ. ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ನಗರದಲ್ಲಿ ಅಲೆನ್ ಡಿವಿಲ್ಬಿಸ್ ಎಂಬ ಗಂಟಲಿನ ವೈದ್ಯರಿದ್ದರು. ರೋಗಿಗಳ ಗಂಟಲಿಗೆ ಔಷಧಿಯನ್ನು ತುಂತುರಾಗಿ ಸಿಂಪಡಿಸುವ ಸಣ್ಣ ಸಾಧನವನ್ನು ಅವರು 1880ರ ದಶಕದ ಕೊನೆಯಲ್ಲಿ ರೂಪಿಸಿದರು. ಅವರ ಮಗ ಥಾಮಸ್ 1907ರ ಸುಮಾರಿಗೆ ಅದೇ ತತ್ತ್ವವನ್ನು ಬಣ್ಣಕ್ಕೆ ಅಳವಡಿಸಿ ಸ್ಪ್ರೇ ಗನ್ನನ್ನು ತಯಾರಿಸಿದರು. ಗಂಟಲನ್ನು ಗುಣಪಡಿಸಲು ಹುಟ್ಟಿದ ಸಾಧನದ ಮಗುವು ಇಂದು ನಮ್ಮ ಹುಡುಗರ ಗಂಟಲಿಗೂ ಎದೆಗೂ ಏನು ಮಾಡುತ್ತಿದೆ ಎಂಬುದನ್ನು ಮುಂದೆ ಹೇಳುತ್ತೇವೆ.

ಒತ್ತಡವನ್ನು ನಮ್ಮ ಶೆಡ್ಡುಗಳಲ್ಲಿ ಅಳೆಯುವುದು ಪಿ.ಎಸ್.ಐ. ಎಂಬ ಮಾನದಲ್ಲಿ. ಒಂದು ಚದರ ಅಂಗುಲದ ಮೇಲೆ ಎಷ್ಟು ಪೌಂಡು ಭಾರ ಬೀಳುತ್ತದೆ ಎಂಬುದೇ ಅದರ ಅರ್ಥ. ಹಾಳೆಗಳಲ್ಲಿ ಬಾರ್ ಎಂಬ ಇನ್ನೊಂದು ಮಾನವೂ ಇರುತ್ತದೆ. 1 ಬಾರ್ ಎಂದರೆ 14.5 ಪಿ.ಎಸ್.ಐ. ಹಾಳೆಯಲ್ಲಿ 2 ಬಾರ್ ಎಂದಿದ್ದರೆ ಮೀಟರಿನಲ್ಲಿ 29 ಎಂದು ತಿಳಿಯಬೇಕು. ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿಯೂ ಹೆಚ್ಚುಕಡಿಮೆ ಇಷ್ಟೇ ಎಂದರೆ ಮನೆಯವರಿಗೂ ಅಂದಾಜು ಸಿಗುತ್ತದೆ.

ಎಷ್ಟಿರಬೇಕೆಂಬುದು ಗನ್ನಿನ ಜಾತಿಯನ್ನು ಅವಲಂಬಿಸಿದೆ. ಹಳೆಯ ಮಾದರಿಯ ಗನ್ನುಗಳು 45ರಿಂದ 55 ಪಿ.ಎಸ್.ಐ. ಒತ್ತಡದಲ್ಲಿ ಕೆಲಸ ಮಾಡುತ್ತಿದ್ದವು. ಹೊಸ ಬಗೆಯ ಎಚ್.ವಿ.ಎಲ್.ಪಿ. ಗನ್ನಿನಲ್ಲಿ ಗಾಳಿಯ ಪ್ರಮಾಣ ಹೆಚ್ಚು, ಒತ್ತಡ ಕಡಿಮೆ. ಹಿಡಿಕೆಯ ಬಳಿ ಸಾಮಾನ್ಯವಾಗಿ 25ರಿಂದ 29 ಪಿ.ಎಸ್.ಐ. ಕೊಟ್ಟರೆ, ಗಾಳಿ ಹೊರಬೀಳುವ ತುದಿಯ ಟೊಪ್ಪಿಗೆಯಲ್ಲಿ ಅದು 10ಕ್ಕಿಂತ ಮೇಲೇರುವುದಿಲ್ಲ. ಇವೆರಡರ ನಡುವಿನ ಬಗೆಯ ಗನ್ನುಗಳೂ ಉಂಟು. ಅವು ಸುಮಾರು 26ರಿಂದ 32ರ ಒಳಗೆ ಒಳ್ಳೆಯ ಕೆಲಸ ಕೊಡುತ್ತವೆ. ಕ್ಲಿಯರ್ ಕೋಟಿಗೆ 1.3 ಅಥವಾ 1.4 ಮಿಲಿಮೀಟರ್ ರಂಧ್ರದ ನಾಝಲ್ ರೂಢಿಯಲ್ಲಿದೆ. ಆದರೆ ಹಳೆಯ ಗನ್ನಿನಲ್ಲಿ ಕೈಪಳಗಿದವನು ಹೊಸ ಗನ್ನನ್ನು ಹಿಡಿದಾಗಲೂ 50ಕ್ಕೇ ತಿರುಗಿಸುತ್ತಾನೆ. ‘ಹವಾ ಜಾಸ್ತಿ ಇದ್ದಷ್ಟೂ ಮಾಲು ನೈಸ್ ಬೀಳುತ್ತದೆ’ ಎಂಬ ನಂಬಿಕೆ ಹೆದ್ದಾರಿಯ ಉದ್ದಕ್ಕೂ ಹಬ್ಬಿದೆ. ಬೋರ್ಡು ಮೊದಲು ಎದುರಿಸಬೇಕಾದದ್ದು ಈ ನಂಬಿಕೆಯನ್ನು.

ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಅದಕ್ಕಾಗಿಯೇ ಅದು ಸಾಯುವುದಿಲ್ಲ. ಒತ್ತಡ ತೀರ ಕಡಿಮೆಯಾದರೆ ದ್ರವ ಸರಿಯಾಗಿ ಒಡೆಯುವುದಿಲ್ಲ. ದಪ್ಪ ಹನಿಗಳು ಬಿದ್ದು, ಒಣಗಿದಾಗ ಮೇಲ್ಮೈ ಸಂತ್ರಾ ಹಣ್ಣಿನ ಸಿಪ್ಪೆಯಂತೆ ಕುಳಿಕುಳಿಯಾಗುತ್ತದೆ. ಅದನ್ನು ಮುಚ್ಚಲು ಮತ್ತಷ್ಟು ಮಾಲು ಸುರಿದರೆ ಬಾಗಿಲಿನ ಮೇಲೆ ಕಣ್ಣೀರಿನಂತೆ ಧಾರೆ ಇಳಿಯುತ್ತದೆ. ಒತ್ತಡವನ್ನು ಏರಿಸುತ್ತ ಹೋದಂತೆ ಹನಿಗಳು ಸಣ್ಣವಾಗುತ್ತವೆ, ಮೇಲ್ಮೈ ನಯವಾಗುತ್ತದೆ. ಒಂದು ಮಿತಿಯವರೆಗೆ ಇದು ನಿಜ. ಆ ಮಿತಿ ದಾಟಿದ ಮೇಲೆ ಹನಿಗಳು ತೀರ ಸಣ್ಣವಾಗಿ, ತಗಡನ್ನು ಮುಟ್ಟುವ ಮೊದಲೇ ಅವುಗಳೊಳಗಿನ ಥಿನ್ನರ್ ಆರಿಹೋಗುತ್ತದೆ. ಅರೆಒಣಗಿದ ಹನಿಗಳು ಕೂಡಿಕೊಳ್ಳದೆ ಉಪ್ಪಿನ ಕಾಗದದಂತೆ ಒರಟಾಗಿ ನಿಲ್ಲುತ್ತವೆ. ಉಳಿದವು ತಗಡಿಗೆ ಬಡಿದು ಚಿಮ್ಮಿ ಗಾಳಿಯಲ್ಲಿ ಮಂಜಾಗಿ ತೇಲುತ್ತವೆ. ರಭಸಕ್ಕೆ ನೆಲದ ಧೂಳೂ ಎದ್ದು ಹಸಿ ಲೇಪದ ಮೇಲೆ ಕೂರುತ್ತದೆ. ಆದ್ದರಿಂದ ಸೂತ್ರ ಇಷ್ಟೇ: ದ್ರವವನ್ನು ಪೂರ್ತಿಯಾಗಿ ಒಡೆಯಬಲ್ಲ ಒತ್ತಡಗಳಲ್ಲಿ ಅತ್ಯಂತ ಕಡಿಮೆ ಯಾವುದೋ ಅದೇ ಹದ.

ಈ ಹದವನ್ನು ಹುಡುಕುವ ಕ್ರಮವನ್ನು ನಮ್ಮ ವಿದ್ಯಾರ್ಥಿ ತೋರಿಸಿಕೊಟ್ಟ ರೀತಿ ಯಾವ ಶಿಕ್ಷಕನಿಗೂ ಮೆಚ್ಚುಗೆಯಾಗುವಂಥದು. ಗೋಡೆಗೆ ಮಾಸ್ಕಿಂಗ್ ಪೇಪರನ್ನು ಅಂಟಿಸಿದನು. ಗನ್ನಿನ ಒತ್ತಡವನ್ನು 20ಕ್ಕೆ ಇಳಿಸಿ, ಆರರಿಂದ ಎಂಟು ಅಂಗುಲ ದೂರದಲ್ಲಿ ಹಿಡಿದು, ಕ್ಷಣಮಾತ್ರ ಟ್ರಿಗರ್ ಎಳೆದು ಬಿಟ್ಟನು. ಕಾಗದದ ಮೇಲೆ ಉದ್ದನೆಯ ಗುರುತು ಮೂಡಿತು. ನಡುವೆ ದಟ್ಟವಾಗಿಯೂ ಅಂಚಿನಲ್ಲಿ ದಪ್ಪ ಚುಕ್ಕೆಗಳಾಗಿಯೂ ಇತ್ತು. ಮೂರು ಪಿ.ಎಸ್.ಐ. ಏರಿಸಿ ಪಕ್ಕದಲ್ಲಿ ಇನ್ನೊಂದು ಗುರುತು. ಮತ್ತೆ ಮೂರು, ಮತ್ತೊಂದು. ಪ್ರತಿಯೊಂದರ ಕೆಳಗೂ ಪೆನ್ಸಿಲಿನಿಂದ ಅಂಕಿ ಬರೆದನು. ಚುಕ್ಕೆಗಳು ಸಣ್ಣವಾಗುತ್ತ ಬಂದು, ಒಂದು ಹಂತದಲ್ಲಿ ಮೊದಲಿನ ಗುರುತಿಗೂ ಮುಂದಿನ ಗುರುತಿಗೂ ವ್ಯತ್ಯಾಸ ಕಾಣದಾಯಿತು. “ಇಲ್ಲಿಗಿ ನಿಂದರಬೇಕ್ರಿ ಗುರುಗಳೆ, ಮುಂದ ಹೋದ್ರ ಬರೀ ಖರ್ಚು,” ಎಂದನು. ನಮಗೆ ತೋರಿಸಲೆಂದು ಇನ್ನೂ ಏರಿಸಿದಾಗ ಗುರುತಿನ ನಡುಭಾಗ ಸವೆದು ಎರಡು ತುದಿಗಳು ಡುಬ್ಬಾದವು. ಗಾಳಿ ಹೆಚ್ಚಾಗಿ ಮಾಲು ಸಾಲದಾದಾಗ ಹೀಗಾಗುತ್ತದೆ.

ಇನ್ನೊಂದು ಪರೀಕ್ಷೆಯೂ ಇದೆ. ಗನ್ನಿನ ಟೊಪ್ಪಿಗೆಯನ್ನು ತಿರುಗಿಸಿ ಗುರುತು ಅಡ್ಡಲಾಗಿ ಬೀಳುವಂತೆ ಮಾಡಿ, ಧಾರೆ ಇಳಿಯುವವರೆಗೆ ಟ್ರಿಗರ್ ಹಿಡಿದಿರಬೇಕು. ಇಳಿದ ಧಾರೆಗಳೆಲ್ಲ ಒಂದೇ ಉದ್ದವಿದ್ದರೆ ಮಾಲು ಸಮನಾಗಿ ಹರಡುತ್ತಿದೆ ಎಂದರ್ಥ. ನಡುವಿನವು ಮಾತ್ರ ಉದ್ದವಾಗಿದ್ದರೆ ಗಾಳಿ ಸಾಲದು ಅಥವಾ ಮಾಲು ಮಂದ. ಎರಡೂ ತುದಿಯವು ಉದ್ದವಾಗಿದ್ದರೆ ಗಾಳಿ ಹೆಚ್ಚು. ಒಂದೇ ಪಕ್ಕದವು ಉದ್ದವಾಗಿದ್ದರೆ ಟೊಪ್ಪಿಗೆಯ ಸಣ್ಣ ರಂಧ್ರ ಕಟ್ಟಿದೆ, ತೊಳೆಯಬೇಕು. ಕಾರಿನ ಮೇಲೆ ಕೈಯಿಡುವ ಮುನ್ನ ಕಾಗದದ ಮೇಲೆ ಇಷ್ಟು ನೋಡಲು ಎರಡು ನಿಮಿಷ ಸಾಕು. ತಪ್ಪಾದ ಬಾನೆಟ್ಟನ್ನು ಉಜ್ಜಿ ಮತ್ತೆ ಹೊಡೆಯಲು ಒಂದು ದಿನ ಬೇಕು.

ಅಂಕಿಯನ್ನು ಎಲ್ಲಿ ಓದಬೇಕು ಎಂಬುದು ಅಷ್ಟೇ ಮುಖ್ಯವಾದ ಪಾಠ. ಕಂಪ್ರೆಸರಿನ ಟಾಕಿಯ ಮೇಲಿರುವ ಮೀಟರು ಗನ್ನಿನ ಸಂಗತಿಯನ್ನು ಹೇಳುವುದಿಲ್ಲ. ಟಾಕಿಯಿಂದ ಗನ್ನಿಗೆ ಬರುವ ಉದ್ದನೆಯ ಪೈಪಿನಲ್ಲಿ, ಜೋಡಣೆಗಳಲ್ಲಿ ಒತ್ತಡ ಸೋರದೆಯೂ ಕುಗ್ಗುತ್ತದೆ. ಪೈಪು ಸಣ್ಣದಾಗಿ ಉದ್ದವಾಗಿದ್ದರೆ ಹತ್ತು ಪಿ.ಎಸ್.ಐ. ಕುಗ್ಗುವುದು ಅಪರೂಪವಲ್ಲ. ಆದ್ದರಿಂದ ಗನ್ನಿನ ಹಿಡಿಕೆಯ ಕೆಳಗೇ ಸಣ್ಣ ಮೀಟರನ್ನು ಕೂರಿಸಬೇಕು. ಅದನ್ನೂ ಟ್ರಿಗರ್ ಎಳೆದು ಗಾಳಿ ಹರಿಯುತ್ತಿರುವಾಗಲೇ ನೋಡಬೇಕು. ಗಾಳಿ ನಿಂತಿರುವಾಗ 30 ತೋರಿಸುವ ಮುಳ್ಳು ಟ್ರಿಗರ್ ಎಳೆದ ಕೂಡಲೇ ಕೆಳಗಿಳಿಯುವುದನ್ನು ನಾವೇ ಕಂಡೆವು. ದುಡಿಯುವಾಗ ಉಳಿಯುವ ಬಲವೇ ನಿಜವಾದ ಬಲ. ಸುಮ್ಮನೆ ನಿಂತಾಗ ತೋರುವುದು ಲೆಕ್ಕಕ್ಕಿಲ್ಲ.

ಒತ್ತಡ ಬೇರೆ, ಗಾಳಿಯ ಪ್ರಮಾಣ ಬೇರೆ ಎಂಬುದನ್ನು ಹುಡುಗರಿಗೆ ತಿಳಿಸುವುದು ನಮಗೆ ಸವಾಲಾಯಿತು. ಕೊನೆಗೆ ನೀರಿನ ಹೋಲಿಕೆ ನೆರವಿಗೆ ಬಂದಿತು. ಎತ್ತರದಲ್ಲಿ ಕಟ್ಟಿದ ಸಣ್ಣ ತೊಟ್ಟಿಯಿಂದ ಬರುವ ನಳದ ನೀರು ಮೊದಲು ರಭಸವಾಗಿ ಬರುತ್ತದೆ. ಹತ್ತು ಕೊಡ ತುಂಬುವಷ್ಟರಲ್ಲಿ ತೊಟ್ಟಿ ಬರಿದಾಗುತ್ತದೆ. ಸಣ್ಣ ಕಂಪ್ರೆಸರೂ ಹಾಗೆಯೇ. ಎಚ್.ವಿ.ಎಲ್.ಪಿ. ಗನ್ನಿಗೆ ನಿಮಿಷಕ್ಕೆ 10ರಿಂದ 15 ಘನ ಅಡಿ ಗಾಳಿ ಬೇಕಾಗುತ್ತದೆ. ಎರಡು ಅಶ್ವಶಕ್ತಿಯ ಯಂತ್ರ ಅಷ್ಟನ್ನು ಎಡೆಬಿಡದೆ ಕೊಡಲಾರದು. ಬಾನೆಟ್ಟಿನ ಮೊದಲರ್ಧ ಕನ್ನಡಿಯಂತೆಯೂ ಉಳಿದರ್ಧ ಸಂತ್ರಾ ಸಿಪ್ಪೆಯಂತೆಯೂ ಆಗುವುದಕ್ಕೆ ಕಾರಣ ಹುಡುಗನ ಕೈಯಲ್ಲ, ಬರಿದಾಗುತ್ತಿರುವ ಟಾಕಿ. ಎಷ್ಟೋ ಹುಡುಗರು ಇದಕ್ಕಾಗಿ ಬೈಗುಳ ತಿಂದಿದ್ದಾರೆ. ಇಂತಹ ಕಡೆ ದೊಡ್ಡ ಟಾಕಿ ಹಾಕಿಸಬೇಕು, ಇಲ್ಲವೇ ಕಡಿಮೆ ಗಾಳಿ ಕುಡಿಯುವ ಗನ್ನನ್ನು ಕೊಳ್ಳಬೇಕು.

ಋತುಮಾನದ ಮಾತೂ ಬರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ತಗಡಿನ ಶೆಡ್ಡಿನೊಳಗೆ ಹೇಳುವುದೇ ಬೇಡ. ಆ ಬಿಸಿಗೆ ಥಿನ್ನರ್ ಹಾರುತ್ತಲೇ ಆರಿ, ಮೇಲ್ಮೈ ಒರಟಾಗುತ್ತದೆ. ಅದನ್ನು ಕಂಡವನು ಮಾಲು ಒಡೆಯುತ್ತಿಲ್ಲವೆಂದು ಭ್ರಮಿಸಿ ಒತ್ತಡವನ್ನು ಮತ್ತೂ ಏರಿಸುತ್ತಾನೆ. ಒರಟು ಮತ್ತೂ ಹೆಚ್ಚುತ್ತದೆ. ಮದ್ದು ಬೇರೆಯೇ ಇದೆ: ನಿಧಾನವಾಗಿ ಆರುವ ಥಿನ್ನರ್ ಮತ್ತು ಹಾರ್ಡನರನ್ನು ಆರಿಸುವುದು, ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸುವುದು, ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಅಡಗಿಸುವುದು. ಮಳೆಗಾಲದಲ್ಲಿ ಕಾಟ ಇನ್ನೊಂದು ಬಗೆಯದು. ಗಾಳಿಯನ್ನು ಒತ್ತಿ ತುಂಬಿದಾಗ ಅದರೊಳಗಿನ ತೇವ ಹಿಂಡಿದ ಬಟ್ಟೆಯ ನೀರಿನಂತೆ ಟಾಕಿಯ ತಳದಲ್ಲಿ ಸೇರುತ್ತದೆ. ದಿನವೂ ಅದನ್ನು ಬಸಿದು ತೆಗೆಯದಿದ್ದರೆ ನೀರಿನ ಹನಿ ಪೈಪಿನಲ್ಲಿ ಬಂದು ಹೊಳೆಯುವ ಲೇಪದ ಮೇಲೆ ಬೀಳುತ್ತದೆ. ಮಾಲು ಮಂದವಾಗಿದೆಯೇ ತೆಳುವಾಗಿದೆಯೇ ಎಂಬುದಕ್ಕೂ ಅಳತೆಯುಂಟು. ತಳದಲ್ಲಿ 4 ಮಿಲಿಮೀಟರ್ ರಂಧ್ರವಿರುವ ಸಣ್ಣ ಬಟ್ಟಲಿನಲ್ಲಿ ತುಂಬಿ ಬಿಟ್ಟರೆ ಎಷ್ಟು ಸೆಕೆಂಡಿನಲ್ಲಿ ಧಾರೆ ಕಡಿಯುತ್ತದೆ ಎಂದು ಎಣಿಸಬೇಕು. ಅನೇಕ ಕ್ಲಿಯರುಗಳಿಗೆ 16ರಿಂದ 20 ಸೆಕೆಂಡು ಸರಿ. ಹಾಳೆಯಲ್ಲಿ ಬರೆದದ್ದೇ ಪ್ರಮಾಣ.

ಇಷ್ಟೆಲ್ಲ ಹೊಳಪಿನ ಸಲುವಾಗಿಯೇ ಆಗಿದ್ದರೆ ಈ ಲೇಖನವನ್ನು ನಾವು ಬರೆಯುತ್ತಿರಲಿಲ್ಲ. ಬೋರ್ಡು ಬೇಕೆಂದು ನಮ್ಮ ವಿದ್ಯಾರ್ಥಿ ಬಂದದ್ದಕ್ಕೆ ನಿಜವಾದ ಕಾರಣ ಕೆಲವು ದಿನಗಳ ನಂತರ ತಿಳಿಯಿತು. ಅವನಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬನಿದ್ದನು. ಕೈಚಳಕದಲ್ಲಿ ಎಲ್ಲರಿಗಿಂತ ಮುಂದು; ಆದ್ದರಿಂದಲೇ ಎಲ್ಲ ಕಾರುಗಳ ಕ್ಲಿಯರ್ ಅವನ ಪಾಲಿಗೆ ಬರುತ್ತಿತ್ತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುತ್ತಿದ್ದನು. ಒಂದು ಚಳಿಗಾಲ ರಾತ್ರಿ ಕೆಮ್ಮು ಆರಂಭವಾಯಿತು. ರಜೆಯಲ್ಲಿ ಊರಿಗೆ ಹೋದರೆ ಇಳಿಯುತ್ತಿತ್ತು, ಕೆಲಸಕ್ಕೆ ಬಂದರೆ ಎದೆ ಬಿಗಿಯುತ್ತಿತ್ತು. ಕೊನೆಗೆ ಹತ್ತು ಹೆಜ್ಜೆ ನಡೆದರೆ ಏದುಸಿರು. ಪರೀಕ್ಷಿಸಿದ ವೈದ್ಯರು ಮೊದಲು ಕೇಳಿದ್ದೇ ಯಾವ ಕೆಲಸ ಮಾಡುತ್ತೀ ಎಂದು. ಇನ್ನು ಆ ಕೆಲಸದ ಹತ್ತಿರ ಸುಳಿಯಬಾರದೆಂದು ಹೇಳಿದರು.

ಎರಡು ಡಬ್ಬಿಗಳನ್ನು ಬೆರೆಸಿ ಹೊಡೆಯುವ ಕ್ಲಿಯರಿನ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಲೇಪವನ್ನು ಗಾಜಿನಂತೆ ಗಟ್ಟಿಗೊಳಿಸುವುದು ಅದೇ. ಅದರ ಮಂಜನ್ನು ಉಸಿರಾಡಿದರೆ ಕೆಲವರಿಗೆ ಉಬ್ಬಸ ಹತ್ತುತ್ತದೆ. ಬಣ್ಣ ಹೊಡೆಯುವವರ ಕಸುಬಿನ ರೋಗವೆಂದು ಜಗತ್ತಿನ ಎಲ್ಲೆಡೆ ಇದನ್ನು ಗುರುತಿಸಿದ್ದಾರೆ. ಒಮ್ಮೆ ದೇಹ ಅದಕ್ಕೆ ಸಿಡಿಯುವಂತಾದರೆ, ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರನ್ನು ಕಟ್ಟಿಸಬಲ್ಲದು. ವಾಸನೆಯಿಂದ ಅದರ ಅಪಾಯ ತಿಳಿಯುವುದಿಲ್ಲ. ಕರವಸ್ತ್ರಕ್ಕೆ ಅದು ತಡೆಯಲ್ಲವೇ ಅಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ಮುಖವಾಡಕ್ಕೆ ಒದಗಿಸುವುದೇ ಸರಿಯಾದ ರಕ್ಷಣೆ. ಜೊತೆಗೆ ಕನ್ನಡಕ, ಕೈಗವಸು, ಮೈಮುಚ್ಚುವ ಅಂಗಿ ಬೇಕು. ಶೆಡ್ಡಿನ ಗಾಳಿಯನ್ನು ಹೊರಗೆಳೆಯುವ ಫ್ಯಾನು ಬೇಕು.

ಇಲ್ಲಿ ಒತ್ತಡದ ಅಂಕಿ ಮತ್ತೆ ಮುಖ್ಯವಾಗುತ್ತದೆ. ಹಳೆಯ ಗನ್ನಿನಿಂದ ಹೆಚ್ಚು ಒತ್ತಡದಲ್ಲಿ ಹೊಡೆದಾಗ ಮಾಲಿನ ಮೂರನೆಯ ಒಂದು ಪಾಲಿನಷ್ಟೇ ಕಾರಿನ ಮೇಲೆ ನಿಂತು ಉಳಿದದ್ದು ಹಾರಿಹೋಗುವುದುಂಟು. ಕಡಿಮೆ ಒತ್ತಡದ ಗನ್ನುಗಳಿಂದ ಶೇಕಡಾ 65ರಷ್ಟಾದರೂ ನಿಲ್ಲಬೇಕೆಂಬುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಯುಮಾಲಿನ್ಯ ತಡೆಯಲು ಮಾಡಿದ ನಿಯಮಗಳ ಗುರಿ. ನಾವು ಹುಡುಗರನ್ನು ಕೂರಿಸಿಕೊಂಡು ಹಳೆಯ ಅಭ್ಯಾಸದಂತೆ ಒಂದು ಲೆಕ್ಕ ಮಾಡಿಸಿದೆವು. ಒಂದು ಲೀಟರ್ ಮಾಲಿನಲ್ಲಿ ಮೂರನೆಯ ಒಂದು ಪಾಲು ನಿಂತರೆ ಹಾರುವುದು ಸುಮಾರು 670 ಮಿಲಿಲೀಟರ್. 65 ಪಾಲು ನಿಂತರೆ ಹಾರುವುದು 350. ಎಂದರೆ ಅವರ ಮುಖದ ಮುಂದಿನ ಮಂಜು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಮಾಲಕನ ಹಣವೂ ಉಳಿಯುತ್ತದೆ. ಮಂಜು ಕಡಿಮೆಯಾಯಿತೆಂದು ಮುಖವಾಡ ಬಿಡುವಂತಿಲ್ಲ ಎಂಬುದನ್ನೂ ಹೇಳಿದೆವು. ಲೆಕ್ಕ ಮುಗಿದಾಗ ಯಾರೂ ಮಾತನಾಡಲಿಲ್ಲ. ಒಬ್ಬ ಹುಡುಗ ಎದ್ದುಹೋಗಿ 50ರಲ್ಲಿದ್ದ ರೆಗ್ಯುಲೇಟರನ್ನು ತಿರುಗಿಸಿ ಇಳಿಸಿದನು.

ಇನ್ನು ಬೋರ್ಡಿನ ಭಾಷೆಯ ಮಾತು. ಪಠ್ಯಪುಸ್ತಕದ ರೂಢಿಯಂತೆ ‘ವಾಯು ಒತ್ತಡ’ ಎಂದು ಬರೆಯಲು ಹೊರಟಾಗ ಹುಡುಗರು ಮುಖಮುಖ ನೋಡಿಕೊಂಡರು. ಅವರ ಬಾಯಲ್ಲಿ ಅದು ‘ಹವಾ’. ಹವಾ ಕಮ್ಮಿ, ಹವಾ ಜಾಸ್ತಿ. ಧಾರೆ ಇಳಿಯುವುದಕ್ಕೆ ‘ರನ್ನಿಂಗ್’, ಕುಳಿ ಬೀಳುವುದಕ್ಕೆ ‘ಸಂತ್ರಾ’ ಎಂಬ ಮಾತುಗಳು ಅವರಲ್ಲಿ ಆಗಲೇ ಇದ್ದವು. ಅವನ್ನೆಲ್ಲ ಹಾಗೆಯೇ ಉಳಿಸಿಕೊಂಡೆವು. ಆದರೆ ತಗಡಿಗೆ ಅಂಟದೆ ತೇಲಿಹೋಗುವ ಮಂಜಿಗೆ ಅವರಲ್ಲಿ ಹೆಸರೇ ಇರಲಿಲ್ಲ. ಹೆಸರಿಲ್ಲದ ಅಪಾಯವನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಅದಕ್ಕೆ ‘ಹಾರುಮಾಲು’ ಎಂದು ಹೆಸರಿಟ್ಟೆವು. ಒಂದು ವಾರದಲ್ಲಿ “ಹಾರುಮಾಲು ಜಾಸ್ತಿ ಆಗ್ಲತ್ತದ, ಹವಾ ಇಳಸು,” ಎಂದು ಒಬ್ಬ ಇನ್ನೊಬ್ಬನಿಗೆ ಕೂಗುವುದು ನಮ್ಮ ಕಿವಿಗೆ ಬಿತ್ತು. ಅರ್ಧ ಶತಮಾನದ ಹತ್ತಿರ ಕನ್ನಡವನ್ನು ಕಲಿಸಿದ ನಮಗೆ ಆ ದಿನದ ಸಂತೋಷ ಸಾಮಾನ್ಯವಾದುದಲ್ಲ.

ಬೋರ್ಡಿನಲ್ಲಿ ಕೊನೆಗೆ ಬರೆದದ್ದು ಇಷ್ಟು:

1. ಡಬ್ಬಿಯ ಹಾಳೆ, ಗನ್ನಿನ ಹಾಳೆ ಎರಡನ್ನೂ ನೋಡಿ ಹವಾ ಗೊತ್ತುಮಾಡು.
2. ಮೀಟರ್ ಗನ್ನಿನ ಹಿಡಿಕೆಯಲ್ಲಿರಲಿ. ಟ್ರಿಗರ್ ಎಳೆದೇ ಅಂಕಿ ಓದು.
3. ಮೊದಲು ಕಾಗದದ ಮೇಲೆ ಹೊಡೆ. 20ರಿಂದ ಆರಂಭಿಸಿ ಮೂರು ಮೂರು ಏರಿಸು. ಚುಕ್ಕೆ ಸಣ್ಣದಾಗುವುದು ನಿಂತಲ್ಲಿ ನೀನೂ ನಿಲ್ಲು.
4. ನಡುವೆ ದಟ್ಟವಾದರೆ ಹವಾ ಸಾಲದು. ತುದಿ ಡುಬ್ಬಾದರೆ ಹವಾ ಹೆಚ್ಚು.
5. ಬಿಸಿಲಿಗೆ ಹವಾ ಏರಿಸಬೇಡ. ನಿಧಾನದ ಥಿನ್ನರ್ ಹಾಕು.
6. ದಿನವೂ ಟಾಕಿಯ ನೀರು ಬಸಿ.
7. ಗಾಳಿ ಬರುವ ಮುಖವಾಡವಿಲ್ಲದೆ ಕ್ಲಿಯರ್ ಹೊಡೆಯಬೇಡ. ಕರವಸ್ತ್ರ ಮುಖವಾಡವಲ್ಲ.
8. ಕೆಮ್ಮು, ಎದೆ ಬಿಗಿತ ಬಂದರೆ ಅಂದೇ ಹೇಳು. ಯಾರೂ ಬೈಯುವುದಿಲ್ಲ.

ಎಂಟನೆಯ ಸಾಲನ್ನು ಸೇರಿಸಿದವನು ನಮ್ಮ ವಿದ್ಯಾರ್ಥಿ. ಆ ಹತ್ತೊಂಬತ್ತರ ಹುಡುಗ ಬೈಗುಳಕ್ಕೆ ಅಂಜಿ ತಿಂಗಳುಗಟ್ಟಲೆ ಕೆಮ್ಮನ್ನು ಮುಚ್ಚಿಟ್ಟಿದ್ದನು. ಈಗ ಅವನು ಶೆಡ್ಡಿನಿಂದ ದೂರದ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಉಸಿರು ಮೊದಲಿಗಿಂತ ಹಗುರವಾಗಿದೆ. ಆದರೆ ಆ ಕೈಚಳಕ ಮತ್ತೆ ಬಣ್ಣಕ್ಕೆ ಮರಳುವಂತಿಲ್ಲ.

ಕನ್ನಡವನ್ನು ಉಳಿಸಬೇಕೆಂದು ನಮ್ಮ ಸಭೆಗಳಲ್ಲಿ ಎಷ್ಟೋ ನಿರ್ಣಯಗಳಾಗಿವೆ, ಅವು ಬೇಕು. ಅದರೊಂದಿಗೆ ಕನ್ನಡ ಮಾತ್ರ ಓದಬಲ್ಲ ಹುಡುಗನ ಕೈಗೆ ಅವನ ಕಸುಬಿನ ತಿಳಿವಳಿಕೆಯನ್ನು ಕನ್ನಡದಲ್ಲಿಯೇ ಕೊಡುವುದು ನಮ್ಮ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ತಾಂಡೂರಿನ ಕಲ್ಲಿನ ಪಾಲಿಶ್ ಘಟಕಗಳಲ್ಲಿ ಧೂಳು ಕುಡಿಯುವವರಿಗೆ, ತೊಗರಿಗೆ ಔಷಧಿ ಹೊಡೆಯುವವರಿಗೆ, ವೆಲ್ಡಿಂಗ್ ಮಾಡುವವರಿಗೆ ಇಂತಹ ಒಂದೊಂದು ಬೋರ್ಡು ಬೇಕಾಗಿದೆ. ಸಂಘದಲ್ಲಿ ವೈದ್ಯರಿದ್ದಾರೆ, ಎಂಜಿನಿಯರುಗಳಿದ್ದಾರೆ, ನಮ್ಮಂತಹ ಬಿಡುವಿರುವ ನಿವೃತ್ತರಿದ್ದಾರೆ. ಮುಂದಿನ ಸಮ್ಮೇಳನದಲ್ಲಿ ಕಾವ್ಯಗೋಷ್ಠಿಯ ಪಕ್ಕದಲ್ಲಿ ಕಸುಬಿನ ಕನ್ನಡಕ್ಕೂ ಒಂದು ಗಂಟೆ ಮೀಸಲಿಟ್ಟು, ಆ ಕಸುಬುದಾರರನ್ನೇ ವೇದಿಕೆಗೆ ಕರೆಯೋಣ. ಮಾತು ಅವರು ಹೇಳಲಿ. ಬರೆದುಕೊಳ್ಳುವ ಕೆಲಸ ನಮ್ಮದಾಗಲಿ.